ಎಲ್ಲರೂ ‘ಆಯ್ತು ಸರ್’ ಎನ್ನುವ ತಂಡ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ನಲವತ್ತರ ಆಸುಪಾಸಿನ ಅಧಿಕಾರಿ, ವಿಭಾಗವೊಂದರ ಮುಖ್ಯಸ್ಥರು. ನಿದ್ದೆ ಬರುತ್ತಿಲ್ಲ, ಮನೆಯಲ್ಲೂ ರೇಗಾಡುತ್ತೇನೆ ಎಂದು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದಿದ್ದರು. ಮಾತು ಮುಂದುವರಿದಂತೆ ಹೊರಬಿದ್ದದ್ದು ಬೇರೆಯೇ ಸಂಕಟ. “ಯಾರೂ ನನಗೆ ಎದುರಾಡಲ್ಲ ಮೇಡಂ. ಎಲ್ಲದಕ್ಕೂ ‘ಆಯ್ತು ಸರ್’. ಆದರೆ ಕೆಲಸ ಕೊನೇ ಗಳಿಗೆಯಲ್ಲಿ ಕೈಕೊಡುತ್ತೆ. ಮೊದಲೇ ಯಾಕೆ ಹೇಳಲ್ಲ ಇವರು?”

ಯಾವತ್ತಾದರೂ ಯಾರಾದರೂ ಹೇಳಿದ್ದುಂಟಾ ಎಂದು ಕೇಳಿದೆ. ಹೇಳಿದ್ದರು. ಹಿರಿಯ ಸಹೋದ್ಯೋಗಿಯೊಬ್ಬರು, ಗೊತ್ತುಮಾಡಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ ಎಂದು ಇವರೊಬ್ಬರಿಗೇ ಇಮೇಲ್ ಬರೆದಿದ್ದರು. ಇವರು ಅದನ್ನು ಮೀಟಿಂಗ್‌ನಲ್ಲಿ ಗಟ್ಟಿಯಾಗಿ ಓದಿ, “ಕೈಲಾಗದವರು ಹೀಗೇ ಬರೆಯೋದು” ಎಂದುಬಿಟ್ಟರು. ‘ಆಯ್ತು ಸರ್’ ಶುರುವಾದದ್ದು ಅಲ್ಲಿಂದ.

ಅವರಿಗೆ ಇತಿಹಾಸ ಓದುವ ಹುಚ್ಚು. ಉಕ್ಕಿನ ಕೈಯ ನಾಯಕರೆಂದರೆ ಜಾಸ್ತಿ ಇಷ್ಟ. “ಹೆದರಿಕೆ ಇಲ್ಲದೆ ಯಾರು ತಾನೇ ಜನರನ್ನು ನಡೆಸಿದ್ದಾರೆ?” ಎಂದರು. ಹಾಗಾಗಿ ನಾನೂ ಇತಿಹಾಸವನ್ನೇ ಹಿಡಿದೆ.

1959ರ ಜುಲೈನಲ್ಲಿ, ಕಮ್ಯುನಿಸ್ಟ್ ಪಕ್ಷದ ಲುಶಾನ್ ಸಭೆಯ ಹೊತ್ತಿಗೆ, ಚೀನಾದ ರಕ್ಷಣಾ ಸಚಿವ ಪೆಂಗ್ ದಹುವಾಯ್ ಮಾವೋಗೆ ಖಾಸಗಿಯಾಗಿ ಒಂದು ಪತ್ರ ಬರೆದರು. ಉತ್ಪಾದನೆಯನ್ನು ಒಮ್ಮೆಲೇ ಏರಿಸಲು ಹೊರಟ ‘ಮಹಾ ಜಿಗಿತ’ದ ಉತ್ಸಾಹದಲ್ಲಿ ಸಾಧನೆಯ ಲೆಕ್ಕ ಉಬ್ಬಿಸಲಾಗುತ್ತಿದೆ ಎಂಬ ಎಚ್ಚರಿಕೆ ಅದರಲ್ಲಿತ್ತು. ಮಾವೋ ಅದನ್ನು ಅಚ್ಚು ಹಾಕಿಸಿ ಸಭೆಗೇ ಹಂಚಿಸಿದರು. ಪೆಂಗ್ ಹುದ್ದೆ ಹೋಯಿತು. ಆಮೇಲೆ ಬಾಯಿಬಿಡುವ ಧೈರ್ಯ ಯಾರಿಗಿರುತ್ತೆ? ಇಲ್ಲದ ಫಸಲು ಕಾಗದದಲ್ಲಿ ಬೆಳೆಯುತ್ತಲೇ ಹೋಯಿತು. ಆ ಲೆಕ್ಕ ನಂಬಿ ಸರ್ಕಾರ ಹಳ್ಳಿಗಳಿಂದ ಧಾನ್ಯ ಎತ್ತಿತು. ಆ ಕ್ಷಾಮದಲ್ಲಿ ಸತ್ತವರು ಕೋಟಿಗಟ್ಟಲೆ.

“ನಾನೂ ಪತ್ರ ಓದಿಬಿಟ್ಟೆ ಅಲ್ವಾ” ಎಂದರು, ಮೆಲ್ಲಗೆ. ಹೋಲಿಕೆ ಅವರೇ ಕಂಡುಕೊಂಡದ್ದು ಒಳ್ಳೆಯದಾಯಿತು. ಆದರೆ ತಮ್ಮನ್ನು ತಾವೇ ಸರ್ವಾಧಿಕಾರಿ ಎಂದು ಹಳಿದುಕೊಳ್ಳಲು ಬಿಡಲಿಲ್ಲ. ಅದರಿಂದ ಆ ಸಹೋದ್ಯೋಗಿಗೆ ಏನೂ ಸಿಗುವುದಿಲ್ಲ.

ಅಶೋಕನ ಆರನೇ ಶಿಲಾಶಾಸನ ನೆನಪಿಸಿದೆ. ಊಟಕ್ಕೆ ಕೂತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ವಿಷಯ ನನಗೆ ತಲುಪಿಸಿ ಎಂದು ಕಲ್ಲಲ್ಲಿ ಕೊರೆಸಿದ ರಾಜ ಅವನು. ಸುದ್ದಿ ತಾನಾಗಿ ಬರುವುದಿಲ್ಲ, ದಾರಿ ಮಾಡಿಕೊಡಬೇಕು ಎಂದು ಅವನಿಗೆ ಗೊತ್ತಿತ್ತು.

“ಹಾಗಾದರೆ ಗಟ್ಟಿಯಾಗಿರೋದೇ ತಪ್ಪಾ?” ಖಂಡಿತ ಅಲ್ಲ. ಅಮೆರಿಕದ ಅಂತರ್ಯುದ್ಧದ ನಡುವೆ, 1862ರಲ್ಲಿ, ಅಧ್ಯಕ್ಷ ಲಿಂಕನ್ ತಮ್ಮ ಜನರಲ್ ಮೆಕ್ಲೆಲನ್‌ರನ್ನು ಸೇನಾಪತಿ ಸ್ಥಾನದಿಂದ ತೆಗೆದೇಹಾಕಿದರು. ಮರುವರ್ಷ ಗೆಟಿಸ್‌ಬರ್ಗ್ ಕದನ ಗೆದ್ದ ಜನರಲ್ ಮೀಡ್, ಸೋತ ಎದುರಾಳಿ ಲೀ ಸೇನೆಯನ್ನು ತಪ್ಪಿಸಿಕೊಳ್ಳಲು ಬಿಟ್ಟಾಗ ಲಿಂಕನ್‌ಗೆ ವಿಪರೀತ ಬೇಸರವಾಯಿತು. ಕಟುವಾದ ಪತ್ರವನ್ನೇ ಬರೆದರು. ಕಳಿಸಲಿಲ್ಲ. ಲಕೋಟೆಯ ಮೇಲೆ ‘ಕಳಿಸಿಲ್ಲ, ಸಹಿ ಮಾಡಿಲ್ಲ’ ಎಂದು ಬರೆದು ಇಟ್ಟುಕೊಂಡರು. ತಮ್ಮ ಸೇನೆಗೆ ಮೀಡ್ ಯುದ್ಧ ಮುಗಿಯುವವರೆಗೂ ಸೇನಾಪತಿಯಾಗಿಯೇ ಉಳಿದರು. ಬೇಕಾದಾಗ ಒಬ್ಬರನ್ನು ತೆಗೆಯುವುದು ನಾಯಕನ ಕೆಲಸ. ನಾಲ್ಕು ಜನರ ಮುಂದೆ ಮಾನ ಕಳೆಯುವುದು ಯಾವ ಕಾಲದಲ್ಲೂ ಅವನ ಕೆಲಸವಲ್ಲ.

ಸಿಟ್ಟು ಯಾಕೆ ಅಷ್ಟು ಬೇಗ ಬರುತ್ತದೆ ಎಂದು ನೋಡಿದಾಗ ಒಂದು ನಂಬಿಕೆ ಸಿಕ್ಕಿತು. ‘ಕೆಲಸ ತಡವಾದರೆ ನಾನೇ ನಾಲಾಯಕ್ಕು’. ಹೀಗೆ ನಂಬಿದವರಿಗೆ ಪ್ರತಿ ಕೆಟ್ಟ ಸುದ್ದಿಯೂ ತಮ್ಮ ಮೇಲಿನ ದಾಳಿಯೇ. ಇದರ ಮೇಲೆ ಹಲವು ಭೇಟಿ ಮಾತಾಡಿದೆವು. ನಿಜವಾದ ಕೆಲಸ ಇದ್ದದ್ದು ಇಲ್ಲೇ.

ಸಲಹೆಗಳು ಸರಳವಾಗಿದ್ದವು. ಅವಮಾನ ಎಲ್ಲರೆದುರು ಆಗಿದೆ, ಕ್ಷಮೆಯೂ ಎಲ್ಲರೆದುರೇ ಕೇಳಿ. ಎರಡು ವಾಕ್ಯ ಸಾಕು, ‘ಆದರೆ’ ಬೇಡ. ಕೆಟ್ಟ ಸುದ್ದಿ ತಂದವರಿಗೆ ಮೊದಲು ಥ್ಯಾಂಕ್ಸ್ ಹೇಳಿ, ಆಮೇಲೆ ‘ನನ್ನಿಂದ ಏನು ಬೇಕು?’ ಎಂದು ಕೇಳಿ. ಸಿಟ್ಟಿದ್ದರೆ ಬರೆದು ಒಂದು ರಾತ್ರಿ ಇಟ್ಟುಕೊಳ್ಳಿ. ಮೀಟಿಂಗ್‌ನಲ್ಲಿ ಕೊನೆಯಲ್ಲಿ ಮಾತಾಡಿ. ಮಂಡೇಲಾ ಇದನ್ನು ಹುಡುಗನಾಗಿದ್ದಾಗಲೇ, ತಮ್ಮನ್ನು ಸಾಕಿದ ಮುಖಂಡ ಜೊಂಗಿಂಟಾಬಾ ಸಭೆ ನಡೆಸುವುದನ್ನು ನೋಡಿ ಕಲಿತಿದ್ದರು. ನಿದ್ದೆಯ ತೊಂದರೆ ಹೀಗೇ ಮುಂದುವರಿದರೆ ವೈದ್ಯರನ್ನು ಕಾಣಲೂ ಹೇಳಿದೆ.

ಅವರು ಕ್ಷಮೆ ಕೇಳಿದರು. ಆ ಸಹೋದ್ಯೋಗಿ ತಲೆಯಾಡಿಸಿದರು, ಅಷ್ಟೇ. “ಇನ್ನೂ ನಂಬಿಲ್ಲ ಅನ್ಸುತ್ತೆ” ಎಂದು ಅಧಿಕಾರಿ ನನಗೆ ಹೇಳಿದರು. ನಂಬಬೇಕಾಗಿಯೂ ಇಲ್ಲ, ಮುಂದಿನ ಕೆಟ್ಟ ಸುದ್ದಿಗೆ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂದು ಅವರು ಕಾಯುತ್ತಿದ್ದಾರೆ ಎಂದೆ.