ಹಿಂದಿನ ಆಕ್ಸಲ್ ಬುಷ್ ಟೂಲ್ ಬಾಡಿಗೆಗೆ ತರೋ ಮುಂಚೆ ಹೊಸ ಬುಷ್ ಕೈಯಲ್ಲಿರಲಿ

ನೀವು ಕೇಳಿರೋದು ಇಷ್ಟು: ಇರೋದು ಮಂಡ್ಯದಲ್ಲಿ, ಗಾಡಿ ಹಳೇ ಸ್ವಿಫ್ಟ್, ಹಂಪ್ ಹತ್ತಿ ಇಳಿದಾಗಲೆಲ್ಲ ಹಿಂದೆ ದಡ್ ಅನ್ನುತ್ತೆ, ಮೆಕ್ಯಾನಿಕ್ ನೋಡಿ ಆಕ್ಸಲ್ ಬುಷ್ (ಆಕ್ಸಲ್ ತೋಳು ಗಾಡಿಗೆ ಸೇರೋ ಕಡೆಯ, ಕಬ್ಬಿಣದ ಬಳೆಗೂ ಕೊಳವೆಗೂ ನಡುವೆ ರಬ್ಬರ್ ಇರೋ ತುಂಡು) ಹೋಗಿದೆ ಅಂದಿದ್ದಾರೆ. ಬುಷ್ ಎಳೆಯೋ ಟೂಲ್ ಮಂಡ್ಯದಲ್ಲೋ ಮೈಸೂರಲ್ಲೋ ಬಾಡಿಗೆಗೆ ಸಿಕ್ಕರೆ ಮನೆ ಮುಂದೆಯೇ ಹಾಕಿಕೊಳ್ಳಬಹುದಾ?

ಹಾಕಿಕೊಳ್ಳಬಹುದು. ಆದರೆ ಟೂಲ್ ಹುಡುಕೋಕೆ ಹೊರಡೋ ಮುಂಚೆ ಎರಡೂ ಕಡೆಯ ಹೊಸ ಬುಷ್ ತಂದು ಮೇಜಿನ ಮೇಲೆ ಇಟ್ಟುಕೊಳ್ಳಿ. ಈ ಕೆಲಸ ಅರ್ಧಕ್ಕೆ ನಿಲ್ಲೋದು ಬಹುತೇಕ ಅಳತೆಯ ತಪ್ಪಿನಿಂದ. ಟೂಲ್ ಅಂದರೆ ಒಂದು ಗಟ್ಟಿ ಥ್ರೆಡ್ ರಾಡ್, ಎರಡು ನಟ್, ಒಂದು ಬೇರಿಂಗ್, ಎರಡು ಕಪ್, ಅಷ್ಟೇ. ಯಾವ ರಾಡ್, ಯಾವ ಕಪ್ ಅನ್ನೋದನ್ನ ಹೇಳೋದು ಆ ಬುಷ್ಷೇ.

ಅದಕ್ಕೂ ಮೊದಲು ಬುಷ್ ನಿಜಕ್ಕೂ ಹೋಗಿದೆಯಾ ಅಂತ ನೀವೇ ನೋಡಿ. ಇದೇ ಸದ್ದು ಶಾಕ್ ಅಬ್ಸಾರ್ಬರ್ ಮೇಲಿನ ಮೌಂಟ್ ಹೋದರೂ ಬರುತ್ತೆ, ಕೆಳಗಿನ ಬೋಲ್ಟ್ ಸಡಿಲ ಆಗಿದ್ದರೂ ಬರುತ್ತೆ. ಆಕ್ಸಲ್ ತೋಳಿನ ಕಣ್ಣಿಗೂ (ಬುಷ್ ಕೂರೋ ತೂತು) ಬಾಡಿ ಬ್ರಾಕೆಟ್ಟಿಗೂ ನಡುವೆ ಉದ್ದನೆಯ ಟೈರ್ ಲಿವರ್ ಹಾಕಿ ಮೀಟಿ. ಒಳ್ಳೇ ಬುಷ್ ಸ್ವಲ್ಪ ಅಲುಗಿ ತಾನೇ ಹಿಂದಕ್ಕೆ ಬರುತ್ತೆ. ಹೋಗಿರೋದರಲ್ಲಿ ಒಳಗಿನ ಕಬ್ಬಿಣದ ಕೊಳವೆ ಹೋಗಿ ಹೊರಗಿನ ಬಳೆಗೆ ತಾಗುತ್ತೆ, ರಬ್ಬರ್ ಕಬ್ಬಿಣದಿಂದ ಬಿಟ್ಟುಕೊಂಡಿರೋದು ಟಾರ್ಚ್ ಹಾಕಿದರೆ ಕಾಣುತ್ತೆ. ಮೇಲ್ಮೈಯಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದ ಮಾತ್ರಕ್ಕೆ ಬದಲಿಸಬೇಕಿಲ್ಲ. ಬ್ರೇಕ್ ಒತ್ತಿದಾಗ ಗಾಡಿಯ ಹಿಂಭಾಗ ಪಕ್ಕಕ್ಕೆ ಎಳೆದಂತೆ ಆದರೆ ಮಾತ್ರ ತಡ ಮಾಡಬೇಡಿ, ಎಕ್ಸ್‌ಪ್ರೆಸ್ ವೇ ವೇಗದಲ್ಲಿ ಅದು ಅಪಾಯ.

ಇನ್ನು ಬಾಡಿಗೆ ವಿಷಯ. ನಮ್ಮ ಕಡೆ ಬಾಡಿಗೆ ಅಂಗಡಿಗಳಲ್ಲಿ ಸಿಗೋದು ಬ್ರೇಕರ್, ಡ್ರಿಲ್ಲಿಂಗ್ ಮಷೀನ್, ಕಾಂಕ್ರೀಟ್ ಕೆಲಸದ ಸಾಮಾನು. ಅಲ್ಲಿ ಬುಷ್ ಟೂಲ್ ಕೇಳಿ ಕಾಲ ಕಳೆಯಬೇಡಿ. ಸಸ್ಪೆನ್ಷನ್ ಕೆಲಸವನ್ನೇ ಹೆಚ್ಚಾಗಿ ಮಾಡೋ ಗ್ಯಾರೇಜಲ್ಲಿ ಕೇಳಿ. ಅಡ್ವಾನ್ಸ್ ಇಟ್ಟು ಭಾನುವಾರ ಒಂದು ದಿನದ ಮಟ್ಟಿಗೆ ಅಂದರೆ ಒಪ್ಪೋರು ಇದ್ದಾರೆ. ಒಪ್ಪದಿದ್ದರೆ ಲೇತ್ ಅಂಗಡಿ ಇನ್ನೂ ಒಳ್ಳೇ ದಾರಿ. ತೂಬಿನಕೆರೆ ಕೈಗಾರಿಕಾ ಪ್ರದೇಶ ನಿಮಗೆ ಹತ್ತಿರ, ಮೈಸೂರಿಗೆ ಬಂದರೆ ಹೆಬ್ಬಾಳ, ಮೇಟಗಳ್ಳಿ ಇವೆ. ಹೊಸ ಬುಷ್ಷನ್ನ ಲೇತ್ ನಡೆಸೋ ಟರ್ನರ್ ಕೈಗೆ ಕೊಟ್ಟು ಇದಕ್ಕೆ ಸರಿಯಾಗಿ ಎರಡು ಕಪ್ ತಿರುಗಿಸಿಕೊಡಿ ಅಂದರೆ ಸಾಕು. ಆಕ್ಸಲ್ಲನ್ನೇ ಬಿಚ್ಚಿ ಹೈಡ್ರಾಲಿಕ್ ಪ್ರೆಸ್ ಇರೋ ಕಡೆ ಒಯ್ಯೋದು ಮೂರನೇ ದಾರಿ, ಆದರೆ ಆಗ ಬ್ರೇಕ್ ಪೈಪ್ ಬಿಚ್ಚಬೇಕು, ಮತ್ತೆ ಗಾಳಿ ತೆಗೀಬೇಕು. ಬ್ರೇಕ್ ಬ್ಲೀಡಿಂಗ್ ಕೈಗೆ ಹತ್ತಿಲ್ಲದವರಿಗೆ ಅದು ಬೇಡ.

ಅಳತೆ ಹೇಗೆ ಅಂದರೆ, ವರ್ನಿಯರ್ ಹಿಡಿದು ಹೊಸ ಬುಷ್ಷಿನ ಹೊರಬಳೆಯ ವ್ಯಾಸ ತಗೊಳ್ಳಿ. ಉದಾಹರಣೆಗೆ 60 ಮಿ.ಮೀ. ಬಂತು ಅಂದುಕೊಳ್ಳಿ. ತಳ್ಳೋ ಕಪ್ಪಿನ ಹೊರವ್ಯಾಸ 58ರಿಂದ 59 ಇರಬೇಕು, ಅದರ ಅಂಚು ಹೊರಬಳೆಯ ಮೇಲೇ ಕೂರಬೇಕು. ರಬ್ಬರ್ ಮೇಲೋ ಒಳಕೊಳವೆ ಮೇಲೋ ಕೂತರೆ ಹೊಸ ಬುಷ್ ಒಳಗೆ ಹೋಗುವಷ್ಟರಲ್ಲಿ ಹರಿದಿರುತ್ತೆ. ಎದುರಿನ ಕಪ್, ಅಂದರೆ ಹಳೇ ಬುಷ್ ಬಂದು ಬೀಳೋ ಕಪ್, ಒಳವ್ಯಾಸ 62-63 ಇರಲಿ, ಆಳ ಬುಷ್ಷಿನ ಉದ್ದಕ್ಕಿಂತ ಜಾಸ್ತಿ ಇರಲಿ. ಆಳ ಕಮ್ಮಿ ಇದ್ದರೆ ಮುಕ್ಕಾಲು ಬಂದ ಬುಷ್ ಕಪ್ಪಿನ ತಳಕ್ಕೆ ಮುಟ್ಟಿ ನಿಲ್ಲುತ್ತೆ, ಗೊತ್ತಾಗದೆ ಇನ್ನೂ ತಿರುಗಿಸಿದರೆ ರಾಡ್ ತುಂಡಾಗುತ್ತೆ.

ರಾಡ್ ಬುಷ್ಷಿನ ಒಳಕೊಳವೆಯ ಮೂಲಕವೇ ಹೋಗಬೇಕು. ಹಾಗಾಗಿ 12 ಮಿ.ಮೀ. ಬೋಲ್ಟ್ ಕೂರೋ ಬುಷ್ಷಿಗೆ ಎಂ16 ರಾಡ್ ತಂದರೆ ತೂರೋದೇ ಇಲ್ಲ, ಎಂ12 ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಡೋ ಸಾದಾ ರಾಡ್ ಖಂಡಿತ ಬೇಡ. ಅದು 4.8 ಗ್ರೇಡಿನದಾದರೆ (ಗ್ರೇಡ್ ಅಂದರೆ ಕಬ್ಬಿಣದ ಬಲದ ದರ್ಜೆ) ಎಂ12 ಅಳತೆಯಲ್ಲಿ ಸುಮಾರು ಎರಡೂವರೆ ಟನ್ನಿಗೇ ಹಿಗ್ಗೋಕೆ ಶುರುವಾಗುತ್ತೆ. 10.9 ಗ್ರೇಡ್ ಏಳು ಟನ್ ಹತ್ತಿರ ತಡೆಯುತ್ತೆ. ತುಕ್ಕು ಹಿಡಿದ ಬುಷ್ ಕದಲೋಕೆ ಹಲವು ಟನ್ ಕೇಳುತ್ತೆ. ನಟ್ಟಿನ ಕೆಳಗೆ ವಾಷರ್ ಬದಲು ಥ್ರಸ್ಟ್ ಬೇರಿಂಗ್ (ರಾಡಿನ ಉದ್ದಕ್ಕೆ ಬೀಳೋ ಒತ್ತಡ ಹೊರೋ ಬೇರಿಂಗ್) ಇದ್ದರೆ ಕೈಗೆ ಬೀಳೋ ಭಾರ ತುಂಬಾ ಕಮ್ಮಿ. ಎಂ12 ರಾಡಿಗೆ ಕೂರೋದು 51101: ಒಳಗೆ 12, ಹೊರಗೆ 26, ದಪ್ಪ 9 ಮಿ.ಮೀ. ಯಾವ ಬೇರಿಂಗ್ ಅಂಗಡಿಯಲ್ಲೂ ಈ ನಂಬರ್ ಹೇಳಿದರೆ ಗೊತ್ತಾಗುತ್ತೆ.

ಬಾಡಿಗೆ ಸೆಟ್ ತಗೊಳ್ಳುವಾಗ ಅಲ್ಲೇ ನಿಂತು ನಟ್ಟನ್ನ ಬರಿಗೈಲಿ ರಾಡಿನ ಉದ್ದಕ್ಕೂ ತಿರುಗಿಸಿ ನೋಡಿ. ಎಲ್ಲಾದರೂ ಬಿಗಿ ಹಿಡಿದರೆ ಆ ಥ್ರೆಡ್ ಸತ್ತಿದೆ. ಕಪ್ಪಿನ ಅಂಚು ಚಪ್ಪಟೆಯಾಗಿ ಹೊರಗೆ ಬಾಗಿದ್ದರೆ ಬುಷ್ ಓರೆ ಹೋಗುತ್ತೆ, ಬೇಡ ಅನ್ನಿ. ಮೊದಲೇ ಇದ್ದ ಗಾಯದ್ದು ಒಂದೆರಡು ಫೋಟೋ ತೆಗೆದುಕೊಂಡರೆ ವಾಪಸ್ ಕೊಡುವಾಗ ಮಾತು ಬರಲ್ಲ.

ಈಗ ಕೆಲಸ. ಜಾಕಿ ಹಾಕೋ ಮುಂಚೆ, ಗಾಡಿ ನೆಲದ ಮೇಲೆ ನಿಂತಿರುವಾಗಲೇ, ಹಿಂದಿನ ಚಕ್ರದ ಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಎರಡೂ ಕಡೆ ಬರೆದಿಡಿ. ಈ ಅಂಕಿ ಕೊನೆಗೆ ಬೇಕು. ಕೇಬಲ್ ಎಳೆದುಕೊಳ್ಳುತ್ತೆ ಅಂತ ಹ್ಯಾಂಡ್ ಬ್ರೇಕ್ ಬಿಡಬೇಕಾಗುತ್ತೆ, ಆದ್ದರಿಂದ ಗಾಡಿ ಗೇರಲ್ಲಿರಲಿ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಟ್ಟೆ ಕೊಡಿ. ಬಾಡಿಯನ್ನ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕಿ ನಂಬಿ ಕೆಳಗೆ ತಲೆ ಹಾಕಬೇಡಿ. ಬ್ರೇಕ್ ಹೋಸ್, ಹ್ಯಾಂಡ್ ಬ್ರೇಕ್ ಕೇಬಲ್, ಎಬಿಎಸ್ ವೈರ್ ಇದ್ದರೆ ಅದೂ ಕ್ಲಿಪ್ಪಿಂದ ಬಿಡಿಸಿ. ಆಕ್ಸಲ್ ಕೆಳಗೆ ಜಾಕಿ ಕೊಟ್ಟು ಶಾಕಿನ ಕೆಳ ಬೋಲ್ಟ್ ತೆಗೆದು ನಿಧಾನ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತೆ. ಆಮೇಲೆ ಎರಡೂ ಪಿವಟ್ ಬೋಲ್ಟ್ (ಬುಷ್ ಮೂಲಕ ತೋಳನ್ನ ಬಾಡಿ ಬ್ರಾಕೆಟ್ಟಿಗೆ ಹಿಡಿದಿರೋ ಬೋಲ್ಟ್) ಬಿಚ್ಚಿ ತೋಳಿನ ಮುಂಭಾಗ ಕೆಳಗಿಳಿಸಿ, ಬಾಡಿಗೂ ತೋಳಿಗೂ ನಡುವೆ ಮರದ ತುಂಡು ಕೊಡಿ. ಆಕ್ಸಲ್ ಭಾರ ಬ್ರೇಕ್ ಹೋಸ್ ಮೇಲೆ ಒಂದು ಕ್ಷಣವೂ ಬೀಳಬಾರದು.

ಹಳೇ ಬುಷ್ ತೆಗೆಯೋ ಮುಂಚೆ ಮೂರು ಗುರುತು. ರಬ್ಬರಿನಲ್ಲಿ ಖಾಲಿ ಜಾಗ ಇದ್ದರೆ ಅದು ಯಾವ ದಿಕ್ಕಿಗಿದೆ ಅಂತ ತೋಳಿನ ಮೇಲೆ ಪೇಂಟಲ್ಲಿ ಗೆರೆ ಹಾಕಿ. ಆ ದಿಕ್ಕು ತಪ್ಪಿದರೆ ಮೆತ್ತಗಿರಬೇಕಾದ ಕಡೆ ಗಟ್ಟಿ, ಗಟ್ಟಿ ಇರಬೇಕಾದ ಕಡೆ ಮೆತ್ತಗೆ ಆಗುತ್ತೆ. ಬುಷ್ ಕಣ್ಣಿಂದ ಎಷ್ಟು ಹೊರಗಿದೆ ಅಂತ ಎರಡೂ ಪಕ್ಕ ಅಳೆಯಿರಿ. ಹೊರಬಳೆಗೆ ಒಂದು ಕಡೆ ಕಾಲರ್ (ಹೊರಚಾಚಿದ ಅಂಚು) ಇದೆಯಾ ನೋಡಿ. ಕಾಲರ್ ಇದ್ದರೆ ಬುಷ್ ಆ ಕಡೆಗೇ ಬರೋದು, ಎದುರು ದಿಕ್ಕಿಗೆ ಎಳೆದರೆ ತೋಳಿನ ಕಣ್ಣೇ ಬಾಗುತ್ತೆ.

ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಬಿಟ್ಟಿರಿ. ರಾಡಿಗೆ ಮಾಲಿಬ್ಡಿನಂ ಗ್ರೀಸ್ ಹಚ್ಚಿ, ಒಂದು ನಟ್ ಹಿಡಿದು ಇನ್ನೊಂದನ್ನ ಉದ್ದ ಪಾನಾದಲ್ಲಿ ತಿರುಗಿಸಿ. ಇಂಪ್ಯಾಕ್ಟ್ ಗನ್ ಹಾಕಬೇಡಿ, ಥ್ರೆಡ್ ಬಿಸಿಯಾಗಿ ಒಂದಕ್ಕೊಂದು ಕಚ್ಚಿಕೊಂಡರೆ ಟೂಲ್ ಅಲ್ಲಿಗೆ ಮುಗೀತು, ಅಡ್ವಾನ್ಸೂ ಹೋಯ್ತು. ಎಂ12 ರಾಡಲ್ಲಿ ನಟ್ ಒಂದು ಸುತ್ತು ತಿರುಗಿಸಿದರೆ ಬುಷ್ ಸರಿಯೋದು 1.75 ಮಿ.ಮೀ., 50 ಮಿ.ಮೀ. ಬುಷ್ಷಿಗೆ 29 ಸುತ್ತು. ಮೊದಲ ಕದಲಿಕೆಯಲ್ಲಿ ಟಕ್ ಅಂತ ದೊಡ್ಡ ಸದ್ದು ಬರುತ್ತೆ, ಗಾಬರಿ ಬೇಡ, ತುಕ್ಕು ಬಿಟ್ಟಿದ್ದು ಅದು. ಅರ್ಧ ಸುತ್ತಿಗೊಮ್ಮೆ ನಿಲ್ಲಿಸಿ ನೇರ ಬರ್ತಿದೆಯಾ ನೋಡಿ.

ಬಗ್ಗಲೇ ಇಲ್ಲ ಅಂದರೆ ಜೋರು ಮಾಡಬೇಡಿ. ಡ್ರಿಲ್ಲಿಂದ ರಬ್ಬರಿನ ಸುತ್ತ ತೂತು ಹಾಕಿ ಒಳಕೊಳವೆ ಹೊರಗೆ ತೆಗೆಯಿರಿ, ಆಮೇಲೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಹೊರಬಳೆಯನ್ನ ಉದ್ದಕ್ಕೆ ಸೀಳಿ, ತೋಳಿನ ಕಬ್ಬಿಣ ಮುಟ್ಟೋಕೆ ಕೂದಲೆಳೆ ಇರುವಾಗ ನಿಲ್ಲಿಸಿ, ಉಳಿ ಇಟ್ಟು ಒಳಕ್ಕೆ ಮಡಚಿ. ಗ್ಯಾಸ್ ಹಚ್ಚಿ ಸುಡೋದು ಮಾತ್ರ ಗಾಡಿಯ ಕೆಳಗೆ ಬೇಡವೇ ಬೇಡ. ಪೆಟ್ರೋಲ್ ಟ್ಯಾಂಕ್ ಅಲ್ಲೇ ಮುಂದೆ ಇದೆ.

ಖಾಲಿ ಕಣ್ಣನ್ನ ಎಮರಿ ಪೇಪರಲ್ಲಿ ಉಜ್ಜಿ, ಗೀರು ಇದ್ದರೆ ಸಮ ಮಾಡಿ. ಹೊಸ ಬುಷ್ಷಿಗೆ ಸೋಪಿನ ನೀರು ಹಚ್ಚಿ. ಎಂಜಿನ್ ಆಯಿಲ್, ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಊದಿ ಮೆತ್ತಗಾಗುತ್ತೆ. ಶುರುವಿನ ಐದು ಮಿ.ಮೀ. ತುಂಬಾ ಮುಖ್ಯ: ಓರೆ ಕಂಡರೆ ಸುತ್ತಿಗೆಯಲ್ಲಿ ಬಡಿದು ಸರಿ ಮಾಡೋಕೆ ಹೋಗದೆ ಪೂರ್ತಿ ಬಿಚ್ಚಿ ಮತ್ತೆ ಕೂರಿಸಿ.

ಎಲ್ಲ ಜೋಡಿಸಿದ ಮೇಲೆ ಪಿವಟ್ ಬೋಲ್ಟನ್ನ ಆಕ್ಸಲ್ ಜೋತಾಡುತ್ತಿರುವಾಗ ಬಿಗಿ ಮಾಡಲೇಬಾರದು. ಈ ಬುಷ್ ತಿರುಗೋದಿಲ್ಲ, ರಬ್ಬರೇ ತಿರುಚಿಕೊಳ್ಳೋದು. ಜೋತಾಡುವಾಗ ಬಿಗಿದರೆ ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ. ಮೊದಲು ಬರೆದಿಟ್ಟ ಅಳತೆ ಬರುವವರೆಗೆ ಆಕ್ಸಲ್ಲನ್ನ ಜಾಕಿಯಲ್ಲಿ ಎತ್ತಿ, ಆಗ ಟಾರ್ಕ್ ರೆಂಚಲ್ಲಿ ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನುಯಲ್ ಹೇಳಿದಷ್ಟು ಬಿಗಿಯಿರಿ. ಮುಂದೆ ಸಡಿಲ ಆದರೆ ಗೊತ್ತಾಗಲಿ ಅಂತ ಬೋಲ್ಟ್ ತಲೆಯಿಂದ ಬ್ರಾಕೆಟ್ಟಿಗೆ ಒಂದು ಬಿಳಿ ಪೇಂಟ್ ಗೆರೆ ಎಳೆಯಿರಿ. ಸ್ವಿಫ್ಟಿನ ಹಿಂದಿನ ಆಕ್ಸಲ್ಲಿಗೆ ಅಲೈನ್‌ಮೆಂಟ್ ತಿದ್ದೋ ವ್ಯವಸ್ಥೆ ಇಲ್ಲ, ಆದರೂ ಒಮ್ಮೆ ಮಷೀನಿಗೆ ಹಾಕಿಸಿ ಹಿಂದಿನ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಓದಿಸಿ, ಆಕ್ಸಲ್ಲೇ ಬಾಗಿದ್ದರೆ ಅಲ್ಲಿ ಗೊತ್ತಾಗುತ್ತೆ. ನೂರು ಕಿಲೋಮೀಟರ್ ಓಡಿದ ಮೇಲೆ ಬಗ್ಗಿ ಆ ಬಿಳಿ ಗೆರೆ ಮುರಿದಿದೆಯಾ ನೋಡಿ.