ಅರಬ್ಬಿ ಸಮುದ್ರಕ್ಕೆ ಚಳಿ ಹಿಡಿದಿದ್ದು ಹೇಗೆ?

ಪ್ರಶ್ನೆ: ಅರಬ್ಬಿ ಸಮುದ್ರದ ಮೇಲ್ಮೈ ಉಷ್ಣತೆ ಮೇಲೆ ಪ್ರಾಜೆಕ್ಟ್ ಮಾಡ್ತಿದ್ದೇನೆ. ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾದ ಒಐಎಸ್‌ಎಸ್‌ಟಿ ಡೇಟಾ (ಸಮುದ್ರವನ್ನು ಪುಟ್ಟ ಚೌಕಗಳಾಗಿ ಹಂಚಿ ಒಂದೊಂದರ ಉಷ್ಣತೆ ಕೊಡುವಂಥದ್ದು), 50ರಿಂದ 78 ಡಿಗ್ರಿ ಪೂರ್ವ, 5ರಿಂದ 25 ಡಿಗ್ರಿ ಉತ್ತರ. 28 ಡಿಗ್ರಿಗಿಂತ ಬಿಸಿ ಇರುವ ಚೌಕಗಳು ಮಾತ್ರ ಬೇಕು. ಪೈಥಾನ್‌ನಲ್ಲಿ ಇಫ್ ಬರೆದರೆ ಎರರ್. ಕೊನೆಗೆ ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈನಲ್ಲಿರುವ, ಚೌಕ ಚೌಕಕ್ಕೂ ಷರತ್ತು ನೋಡುವ ವೇರ್ ಬಳಸಿ ಬೇಡದ ಕಡೆ 0 ಹಾಕಿದೆ. ಮೇ ತಿಂಗಳ ಸರಾಸರಿ 21 ಡಿಗ್ರಿ ಬಂತು! ಎಲ್ಲಿ ತಪ್ಪಿದೆ?
— ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಮೇ ತಿಂಗಳಲ್ಲಿ ಅರಬ್ಬಿ ಸಮುದ್ರ 21 ಡಿಗ್ರಿ ಇದ್ದಿದ್ದರೆ ನೀವೆಲ್ಲ ಸ್ವೆಟರ್ ಹಾಕ್ಕೊಂಡು ಓಡಾಡಬೇಕಿತ್ತು.

ಮೊದಲು ಆ ಎರರ್. ಇಫ್‌ಗೆ ಒಂದೇ ಉತ್ತರ ಬೇಕು, ಹೌದು ಅಥವಾ ಇಲ್ಲ. ನೀವು ಕೊಟ್ಟಿದ್ದು ಸಾವಿರಾರು ಚೌಕಗಳು, ಅದರಲ್ಲಿ ಕೆಲವಕ್ಕೆ ಹೌದು, ಕೆಲವಕ್ಕೆ ಇಲ್ಲ, ಹಾಗಾಗಿ ಪೈಥಾನ್ ಕೈಚೆಲ್ಲಿತು. ಅಲ್ಲಿಂದ ವೇರ್‌ಗೆ ಹೋಗಿದ್ದು ಸರಿ. ಕೆಡಿಸಿದ್ದು ಆ ಸೊನ್ನೆ.

ಮೇ ತಿಂಗಳಲ್ಲಿ, ಅಂದರೆ ಮುಂಗಾರಿಗೆ ಮುಂಚೆ, ಅರಬ್ಬಿ ಸಮುದ್ರದ ಬಹುಪಾಲು 28 ದಾಟಿರುತ್ತದೆ. ಹಾಗಿದ್ದ ಮೇಲೆ ಅಷ್ಟೊಂದು ಸೊನ್ನೆ ಎಲ್ಲಿಂದ ಬಂತು? ನೆಲದಿಂದ! ನಿಮ್ಮ ಚೌಕಟ್ಟಿನೊಳಗೆ ಒಮಾನ್ ಇದೆ, ಗುಜರಾತ್ ಇದೆ, ನಮ್ಮ ಕರ್ನಾಟಕವೂ ಇದೆ. ನೆಲದ ಚೌಕಗಳಲ್ಲಿ ಇರೋದು ನ್ಯಾನ್, ಅಂದರೆ ಖಾಲಿ. 'ಖಾಲಿ 28ಕ್ಕಿಂತ ಜಾಸ್ತಿನಾ?' ಅಂತ ಕೇಳಿದರೆ ಉತ್ತರ ಯಾವಾಗಲೂ 'ಇಲ್ಲ'. ಇಲ್ಲ ಅಂದಿದ್ದಕ್ಕೆಲ್ಲ 0 ಹಾಕು ಅಂದಿದ್ದೀರಿ. ಧಾರವಾಡವೂ ಸೊನ್ನೆ ಡಿಗ್ರಿಯ ಸಮುದ್ರವಾಯಿತು.

ಬೇಡದ ಕಡೆ 0 ಬದಲು ನ್ಯಾನ್ ಹಾಕಿ, ನಂತರ ನ್ಯಾನ್ ಬಿಟ್ಟು ಲೆಕ್ಕ ಹಾಕುವ ನ್ಯಾನ್‌ಮೀನ್ ಬಳಸಿ. ಪೈಥಾನ್‌ನದೇ ಇನ್ನೊಂದು ಲೈಬ್ರರಿ ಎಕ್ಸ್‌ಅರೇನಲ್ಲಿ ವೇರ್‌ಗೆ ಬರೀ ಷರತ್ತು ಕೊಟ್ಟರೆ ಉಳಿದದ್ದು ತಾನಾಗಿಯೇ ಖಾಲಿಯಾಗುತ್ತದೆ. ಹಳೆಯ ಫೆರೆಟ್ ತಂತ್ರಾಂಶ ಕೂಡ ಹಾಗೇ, ಇಫ್-ದೆನ್ ಬರೆದು ಎಲ್ಸ್ (ಇಲ್ಲದಿದ್ದರೆ ಏನು ಅನ್ನೋ ಭಾಗ) ಬಿಟ್ಟರೆ ಸಾಕು. ಎರಡು ಷರತ್ತು ಬೇಕಿದ್ದರೆ 'ಆಂಡ್' ಪದ ಬೇಡ, ಆಂಪರ್‌ಸೆಂಡ್ (&) ಚಿಹ್ನೆ ಹಾಕಿ, ಒಂದೊಂದು ಷರತ್ತಿಗೂ ಆವರಣ ಚಿಹ್ನೆ ಇರಲಿ.

ಕಡತದಲ್ಲಿ -9.99 ಕಾಣಿಸಿದರೂ ಅದು ಉಷ್ಣತೆ ಅಲ್ಲ. ಒಐಎಸ್‌ಎಸ್‌ಟಿಯಲ್ಲಿ ಖಾಲಿ ಜಾಗದ ಗುರುತು -999, ಅದನ್ನು ಗುರುತು ಅಂತ ತಿಳಿಯದೆ ಯಾರೋ ಉಷ್ಣತೆಯ ಅಂಕಿಗಳ ಹಾಗೆಯೇ 0.01ರಿಂದ ಗುಣಿಸಿದ್ದಾರೆ ಅಷ್ಟೇ. ಸಮುದ್ರದ ನೀರು ಸುಮಾರು -1.8ಕ್ಕೇ ಹೆಪ್ಪುಗಟ್ಟುತ್ತದೆ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ನಿಮ್ಮ ಸರಾಸರಿ ಬಗ್ಗೆ ನನಗೊಂದು ತಕರಾರಿದೆ. 28ಕ್ಕಿಂತ ಬಿಸಿ ಇರೋದನ್ನೇ ಆರಿಸಿಕೊಂಡರೆ ಸರಾಸರಿ 28ರ ಕೆಳಗೆ ಬರೋಕೆ ಸಾಧ್ಯನೇ ಇಲ್ಲ, ಅಲ್ವಾ? ಆಗಸ್ಟ್‌ನಲ್ಲಿ ಸೊಮಾಲಿಯಾ ಕರಾವಳಿಯಲ್ಲಿ ಕೆಳಗಿನ ತಣ್ಣನೆ ನೀರು ಮೇಲೆದ್ದು ಬಂದರೂ ಆ ಚೌಕಗಳು ಲೆಕ್ಕದಿಂದ ಹೊರಗೆ. ವರ್ಷದಿಂದ ವರ್ಷಕ್ಕೆ ಏನಾಗಿದೆ ಅಂತ ನೋಡಬೇಕಿದ್ದರೆ ಬಿಸಿನೀರಿನ ವಿಸ್ತೀರ್ಣ ಅಳೆಯಿರಿ. ಬಿಸಿ ಚೌಕಕ್ಕೆ 1, ತಣ್ಣನೆಯದಕ್ಕೆ 0, ನೆಲಕ್ಕೆ ನ್ಯಾನ್ ಹಾಕಿ ಸರಾಸರಿ ತೆಗೆದರೆ ಸಮುದ್ರದಲ್ಲಿ ಬಿಸಿನೀರಿನ ಪಾಲು ಎಷ್ಟು ಅಂತ ಸಿಗುತ್ತದೆ. ಇಲ್ಲಿ ಮಾತ್ರ ಸೊನ್ನೆ ಬೇಕೇ ಬೇಕು! ಉತ್ತರಕ್ಕೆ ಹೋದಂತೆ ಚೌಕ ಕಿರಿದಾಗುವುದರಿಂದ ಅಕ್ಷಾಂಶದ ಕೊಸೈನ್‌ನಿಂದ ತೂಕ ಕೊಡಿ. ಯಾವುದಕ್ಕೂ ಮುಂಚೆ ಒಂದು ದಿನದ ನಕ್ಷೆ ತೆಗೆದು, ನೆಲಕ್ಕೆ ಬೂದು ಬಣ್ಣ ಕೊಟ್ಟು ಒಮ್ಮೆ ಕಣ್ಣಾಡಿಸಿ.