ಅದು ಅಟ್ಲಾಸ್ ಅಲ್ಲ, ಟಸರ್ ಪತಂಗ

ಶಿರಸಿ ಹತ್ತಿರ ನಿಮ್ಮ ಮನೆಯ ಜಗುಲಿ ದೀಪಕ್ಕೆ ಬಂದ, ಅಂಗೈ ಅಗಲದ ಕಂದು ಪತಂಗ ಆ ಭಾರೀ ದೊಡ್ಡ ಅಟ್ಲಾಸ್ ಪತಂಗವೇನಾ ಅಂತ ಕೇಳಿದ್ದೀರಿ. ಫೋಟೋ ದೊಡ್ಡದು ಮಾಡಿ ನೋಡಿದೆ. ಅಲ್ಲ ಮಾರಾಯ್ರೆ, ಇದು ಟಸರ್ ಎಂಬ ಕಾಡು ರೇಷ್ಮೆಯ ಪತಂಗ.

ಗೊಂದಲ ಆಗುವುದು ಸಹಜವೇ. ಎರಡರ ರೆಕ್ಕೆಯಲ್ಲೂ ಗಾಜಿನಂಥ ಕಿಟಕಿ ಇರುತ್ತದೆ. ಅಟ್ಲಾಸಿನ ಕಿಟಕಿ ತ್ರಿಕೋನ. ಮುಂದಿನ ರೆಕ್ಕೆಯ ತುದಿ ಹಾವಿನ ತಲೆಯ ಹಾಗೆ ಕಾಣುತ್ತದೆ, ಅಗಲ 20 ಸೆಂ.ಮೀ. ದಾಟುವುದೂ ಉಂಟು. ನಿಮ್ಮದಕ್ಕೆ ನಾಲ್ಕೂ ರೆಕ್ಕೆಯಲ್ಲಿ ಒಂದೊಂದು ದುಂಡು ಕಣ್ಣು. ಆ ಕಣ್ಣಿನ ನಡುವೆ ಹಿಂದಿನ ಗೋಡೆಯ ಸುಣ್ಣ ಕಾಣುತ್ತಿದೆ, ನೋಡಿದಿರಾ? ಅಲ್ಲಿ ಹುಡಿ ಇಲ್ಲ, ಬರೀ ತೆಳು ಪೊರೆ.

ಇನ್ನು ಮೀಸೆ. ಜರಿಗಿಡದ ಎಲೆಯ ಹಾಗೆ ಎರಡೂ ಬದಿಗೆ ಹಲ್ಲು ಬಿಟ್ಟು ಅಗಲವಾಗಿದೆ, ಹಾಗಾಗಿ ಗಂಡು. ಹೆಣ್ಣಿನದ್ದು ಸಪೂರ. ಹೆಣ್ಣು ಬಿಡುವ ವಾಸನೆಯನ್ನು ದೂರದಿಂದಲೇ ಹಿಡಿಯಬೇಕಲ್ವಾ, ಅದಕ್ಕೇ ಗಂಡಿಗೆ ಅಷ್ಟು ದೊಡ್ಡ ಮೀಸೆ. ಬಣ್ಣವನ್ನು ಜಾಸ್ತಿ ನಂಬಬೇಡಿ, ಟಸರಿನಲ್ಲಿ ಅದು ಬದಲಾಗುತ್ತಲೇ ಇರುತ್ತದೆ. ಮೀಸೆ ದಾರದಂತಿದ್ದು, ಮುಂದಿನ ರೆಕ್ಕೆಯಲ್ಲಿ ಮಾತ್ರ ದೊಡ್ಡ ಕಣ್ಣಿದ್ದರೆ ಗೂಬೆ ಪತಂಗ ಅನ್ನುತ್ತಿದ್ದೆ.

ಬಾಳೆಹಣ್ಣು ಇಟ್ಟಿದ್ದು ಸುಮ್ನೆ ದಂಡ. ಪಾಪ, ಅದಕ್ಕೆ ತಿನ್ನುವ ಬಾಯಿಯೇ ಇಲ್ಲ, ಇರುವುದೂ ಕೆಲವೇ ದಿನ. ದೀಪ ಆರಿಸಿಬಿಡಿ. ಇದರ ಹುಳು ಮೇಯುವ ಮತ್ತಿಮರ ಹಿತ್ತಲಲ್ಲಿ ಇದ್ದರೆ ರೆಂಬೆ ನೋಡಿ. ಸಣ್ಣ ಮೊಟ್ಟೆಯಂಥ ಗಟ್ಟಿ ಗೂಡು ತೊಟ್ಟಿನಿಂದ ನೇತಾಡುತ್ತಿದ್ದರೆ ಅದರ ಫೋಟೋವನ್ನೂ ಹಾಕಿ.